ಹನ್ನೊಂದೂವರೆ ಪೌಂಡು ಮತ್ತು ಒಂದು ಬಾಂಡು

ಹೋದ ತಿಂಗಳು ನಮ್ಮ ಟೀಮಿನ ಹುಡುಗನೊಬ್ಬ ಆನ್‌ಸೈಟ್ ಹೊರಟ. ಹೊರಡುವ ಮುಂಚೆ ಒಂದು ಬಾಂಡಿಗೆ ಸಹಿ ಹಾಕಬೇಕಿತ್ತು. ವಾಪಸ್ ಬಂದ ಮೇಲೆ ಇಷ್ಟು ತಿಂಗಳು ಕಂಪನಿ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ದುಡ್ಡು ಕಟ್ಟಬೇಕು. "ಇದು ಜೀತ ಕಣೋ" ಅಂತ ಕಾಫಿ ಕುಡಿಯುತ್ತಾ ನಾವೆಲ್ಲ ಅವನನ್ನು ರೇಗಿಸಿದೆವು. ಸೀಟಿಗೆ ಬಂದು ಕೂತ ಮೇಲೆ ನನಗೆ ನೆನಪಾಗಿದ್ದು ನೂರು ವರ್ಷಕ್ಕೂ ಹಳೆಯ ಇನ್ನೊಂದು ಬಾಂಡು.

1913ರ ಜೂನ್ 4. ಸಹಿ ಹಾಕಿದವರು 22 ವರ್ಷದ ಭೀಮರಾವ್ ಅಂಬೇಡ್ಕರ್. ಹಣ ಕೊಟ್ಟಿದ್ದು ಬರೋಡಾ ಸಂಸ್ಥಾನ. ಮಹಾರಾಜ ಸಯಾಜಿರಾವ್ ಗಾಯಕವಾಡರು ಕೆಲವು ವಿದ್ಯಾರ್ಥಿಗಳನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು ಅಂದುಕೊಂಡಿದ್ದರು. ತಿಂಗಳಿಗೆ 11.50 ಪೌಂಡ್, ಮೂರು ವರ್ಷ. ಷರತ್ತು ಏನಪ್ಪಾ ಅಂದರೆ, ಓದು ಮುಗಿಸಿ ಬಂದು ಹತ್ತು ವರ್ಷ ಬರೋಡಾದ ನೌಕರಿ ಮಾಡಬೇಕು. ನಮ್ಮ ಆನ್‌ಸೈಟ್ ಬಾಂಡು ಇದರ ಮುಂದೆ ಏನೂ ಅಲ್ಲ ಬಿಡಿ!

ಇದಕ್ಕೂ ಮೊದಲು ಮುಂಬಯಿಯಲ್ಲಿ ಬಿ.ಎ. ಓದುವಾಗಲೂ ತಿಂಗಳಿಗೆ 25 ರೂಪಾಯಿ ಕೊಟ್ಟಿದ್ದವರು ಇದೇ ಮಹಾರಾಜರು. ಓದು ಮುಗಿಸಿ 1913ರ ಜನವರಿಯಲ್ಲಿ ಬರೋಡಾದ ಕೆಲಸಕ್ಕೆ ಸೇರಿದ ಕೆಲವೇ ದಿನಕ್ಕೆ ತಂದೆ ತೀರಿಕೊಂಡರು. ಮನೆಯಲ್ಲಿ ಹೆಂಡತಿ, ಮಗು, ಬಡತನ. ಆ ಸ್ಥಿತಿಯಲ್ಲಿ ಬಂದ ಅವಕಾಶ ಇದು.

ಜುಲೈನಲ್ಲಿ ನ್ಯೂಯಾರ್ಕ್ ಮುಟ್ಟಿದರು. ಅಲ್ಲಿ ಎಡ್ವಿನ್ ಸೆಲಿಗ್‌ಮನ್, ಜಾನ್ ಡ್ಯೂಯಿ ಅಂಥ ಮೇಷ್ಟ್ರುಗಳು. ಸ್ಕಾಲರ್‌ಶಿಪ್ಪಿನ ದುಡ್ಡಿನಲ್ಲೇ ಉಳಿಸಿ ಮನೆಗೂ ಕಳಿಸಬೇಕು, ಹಳೇ ಪುಸ್ತಕದ ಅಂಗಡಿಗಳಲ್ಲಿ ಪುಸ್ತಕವನ್ನೂ ಕೊಳ್ಳಬೇಕು. 1915ರಲ್ಲಿ ಎಂ.ಎ. ಆಯಿತು, ಪ್ರಬಂಧದ ವಿಷಯ ಪ್ರಾಚೀನ ಭಾರತದ ವಾಣಿಜ್ಯ. 1916ರ ಮೇ 9ರಂದು ಒಂದು ಸೆಮಿನಾರಿನಲ್ಲಿ ಭಾರತದ ಜಾತಿಗಳ ಹುಟ್ಟು, ಬೆಳವಣಿಗೆಯ ಬಗ್ಗೆ ಪ್ರಬಂಧ ಓದಿದರು. ಮುಂದೆ ಜಾತಿಯ ಬಗ್ಗೆ ಅವರು ಬರೆದದ್ದೆಲ್ಲ ಶುರುವಾಗಿದ್ದು ಅಲ್ಲಿಂದ.

ಆ ವರ್ಷವೇ ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಬರೋಡಾ ಇನ್ನೊಂದು ವರ್ಷದ ಹಣ ಕೊಟ್ಟು ಆಮೇಲೆ ನಿಲ್ಲಿಸಿತು. ಓದು ಅರ್ಧಕ್ಕೇ ಬಿಟ್ಟು 1917ರಲ್ಲಿ ವಾಪಸ್ ಬರಬೇಕಾಯಿತು. ಮೊದಲ ಮಹಾಯುದ್ಧದ ಕಾಲ. ಬೇರೆ ಹಡಗಿನಲ್ಲಿ ಬರುತ್ತಿದ್ದ ಅವರ ಪುಸ್ತಕಗಳು ಟಾರ್ಪೆಡೊ ದಾಳಿಯಲ್ಲಿ ಸಮುದ್ರ ಸೇರಿದವು.

ಬಾಂಡಿನ ಪ್ರಕಾರ ಬರೋಡಾಕ್ಕೆ ಹೋದರು. ಇಳಿದುಕೊಳ್ಳಲು ಒಂದು ರೂಮು ಸಿಗಲಿಲ್ಲ! ಹಿಂದೂ ಹೋಟೆಲುಗಳಲ್ಲಿ ಜಾತಿ ಗೊತ್ತಾದರೆ ಮುಗಿಯಿತು. ಕೊನೆಗೆ ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ಛತ್ರದಲ್ಲಿ ಉಳಿದರು. ಆಫೀಸಿನಲ್ಲಿ ಜವಾನರು ಫೈಲುಗಳನ್ನು ಮುಟ್ಟಿಸಿಕೊಳ್ಳದೆ ಮೇಜಿನ ಮೇಲೆ ಎಸೆದು ಹೋಗುತ್ತಿದ್ದರು. ಹನ್ನೊಂದನೇ ದಿನ ಬೆಳಿಗ್ಗೆ ಹತ್ತು ಹನ್ನೆರಡು ಪಾರ್ಸಿ ಗಂಡಸರು ದೊಣ್ಣೆ ಹಿಡಿದು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡು ಅಂದರು. ಇಬ್ಬರು ಸ್ನೇಹಿತರನ್ನು ಕೇಳಿದರೆ ಇಬ್ಬರಿಗೂ ಒಂದೊಂದು ನೆಪ. ಮುಂಬಯಿ ರೈಲು ರಾತ್ರಿಗೆ. ಅಲ್ಲಿಯವರೆಗೆ ಒಂದು ಪಾರ್ಕಿನಲ್ಲಿ ಕೂತು ಕಾದರು. ಹತ್ತು ವರ್ಷದ ಬಾಂಡು ಹನ್ನೊಂದು ದಿನಕ್ಕೆ ಹೀಗೆ ಮುರಿಯಿತು.

ಈ ಪ್ರಸಂಗವನ್ನು ಅವರೇ ಬರೆದಿಟ್ಟಿದ್ದಾರೆ, 'ವೇಟಿಂಗ್ ಫಾರ್ ಎ ವೀಸಾ' ಎಂಬ ಪುಟ್ಟ ಬರಹದಲ್ಲಿ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದೊಣ್ಣೆಯ ವಿಷಯವಲ್ಲ. ವಿದೇಶದಲ್ಲಿದ್ದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನುವುದೇ ಮನಸ್ಸಿನಿಂದ ಅಳಿಸಿಹೋಗಿತ್ತು, ಬರೋಡಾದ ಸ್ಟೇಷನ್ನಿನಲ್ಲಿ ಎಲ್ಲಿ ಉಳಿಯುವುದು ಅಂತ ಯೋಚಿಸುವಾಗ ಅದು ಮತ್ತೆ ನೆನಪಾಯಿತು ಅನ್ನುತ್ತಾರೆ. ಅಂದರೆ ಆ ಹನ್ನೊಂದೂವರೆ ಪೌಂಡು ಬರೀ ಫೀಸು, ಊಟದ ಖರ್ಚಲ್ಲ. ಲೈಬ್ರರಿಯಲ್ಲಿ ಪಕ್ಕ ಕೂತವನು ಜಾತಿ ಕೇಳದ ನಾಲ್ಕು ವರ್ಷಗಳನ್ನು ಅದು ಕೊಟ್ಟಿತ್ತು. ಜಾತಿ ಅನ್ನುವುದನ್ನು ಹೊರಗೆ ನಿಂತು ನೋಡಲು ಒಂದು ಜಾಗ ಬೇಕಿತ್ತು, ಅದು ನ್ಯೂಯಾರ್ಕಿನಲ್ಲಿ ಸಿಕ್ಕಿತು.

ಮುಂದಿನ ಕಥೆ ನಿಮಗೆ ಗೊತ್ತಿರುತ್ತದೆ. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಹಣ ಕೂಡಿಟ್ಟು, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಸ್ನೇಹಿತರಿಂದ ಸಾಲ ಎಲ್ಲ ಸೇರಿಸಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1923ರಲ್ಲಿ ಡಿ.ಎಸ್‌ಸಿ. ಪಡೆದರು. 1925ರಲ್ಲಿ ಅಚ್ಚಾದ, ಕೊಲಂಬಿಯಾದ ಪಿಎಚ್.ಡಿ.ಗಾಗಿ ಬರೆದ ಪುಸ್ತಕವನ್ನು ಅರ್ಪಿಸಿದ್ದು ಯಾರಿಗೆ ಗೊತ್ತಾ? ಸಯಾಜಿರಾವ್ ಗಾಯಕವಾಡರಿಗೆ. ಊರು ಮಾಡಿದ್ದನ್ನು ಮರೆಯಲಿಲ್ಲ, ಮಹಾರಾಜರು ಮಾಡಿದ್ದನ್ನೂ ಮರೆಯಲಿಲ್ಲ.

1942ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಅವರಿಗೆ ಕೊಟ್ಟ ಮನವಿಯಲ್ಲಿ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಓದಲು ಕಳಿಸಲು ಸರ್ಕಾರ ಹಣ ಕೊಡಬೇಕು ಅಂತ ಅಂಬೇಡ್ಕರ್ ಕೇಳಿದರು. ಸ್ವಾತಂತ್ರ್ಯ ಬಂದ ಮೇಲೆ, 1954-55ರಲ್ಲಿ, ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಶುರುವಾಯಿತು.

ಈ ಲೇಖನ ಬರೆಯಲು ನಿಜವಾದ ಕಾರಣ ಇನ್ನು ಮುಂದಿದೆ. 2022ರ ಫೆಬ್ರವರಿಯಲ್ಲಿ ಈ ಯೋಜನೆಯ ನಿಯಮಕ್ಕೆ ಒಂದು ಸಾಲು ಸೇರಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಅಧ್ಯಯನಕ್ಕೆ ಈ ಹಣ ಇಲ್ಲ. ಇಲ್ಲಿನ ವಿಷಯ ಓದಲು ವಿದೇಶ ಯಾಕೆ, ಬೇಕಾದದ್ದೆಲ್ಲ ಇಲ್ಲೇ ಸಿಗುತ್ತಲ್ಲ ಅನ್ನುವುದು ಕೊಟ್ಟ ಕಾರಣ.

ಕೇಳಿದರೆ ಸರಿ ಅನ್ನಿಸುತ್ತದೆ. ನನಗೂ ಮೊದಲು ಅನ್ನಿಸಿತು. ಆದರೆ ಅದೇ ನಿಯಮವನ್ನು 1913ರ ಹುಡುಗನಿಗೆ ಹಾಕಿ ನೋಡಿ. ಪ್ರಾಚೀನ ಭಾರತದ ವಾಣಿಜ್ಯ, ಅದು ಇತಿಹಾಸ: ರಿಜೆಕ್ಟ್. ಭಾರತದ ಜಾತಿಗಳು, ಅದು ಸಮಾಜ: ರಿಜೆಕ್ಟ್. ಹಣಕಾಸಿನ ಪ್ರಬಂಧ ಹೇಗೋ ಪಾರಾಗುತ್ತಿತ್ತೇನೋ. ಪುಸ್ತಕ ಇಲ್ಲೇ ಸಿಗುತ್ತಿತ್ತು, ನಿಜ. ಆದರೆ ಅದನ್ನು ಓದಲು ಕೂರುವ ರೂಮು ಬರೋಡಾದಲ್ಲಿ ಸಿಕ್ಕಿತೇ?

ಬರೋಡಾದ ಲೆಕ್ಕದ ಪುಸ್ತಕದಲ್ಲಿ ಆ ಸ್ಕಾಲರ್‌ಶಿಪ್ ನಷ್ಟದ ಬಾಬ್ತೇ ಇರಬೇಕು. ಹತ್ತು ವರ್ಷದ ನೌಕರಿ ಬರಲಿಲ್ಲ. ಬಂದಿದ್ದು ಸಂವಿಧಾನ ಕರಡು ಸಮಿತಿಯ ಅಧ್ಯಕ್ಷರು, ಅದೂ ಇಡೀ ದೇಶಕ್ಕೆ. ಯಾವ ಬಾಂಡಿನಲ್ಲಿ ಇದನ್ನೆಲ್ಲ ಮೊದಲೇ ಬರೆಯಲಾಗುತ್ತದೆ ಹೇಳಿ?

ನಮ್ಮ ಟೀಮಿನ ಹುಡುಗ ಹೋಗಿ ಮುಟ್ಟಿದ್ದಾನೆ. ಚಳಿಯಂತೆ. ಅವನಿಗೆ ಈ ಕಥೆ ಮೇಲ್ ಮಾಡಿದ್ದೇನೆ. ನೀವೇನಂತೀರಿ?