ಗೋಡೆಯಾಚೆಯ ಧಾರವಾಡ

ನಾಗಾವಿಯ ನಮ್ಮ ಮನೆಯಲ್ಲಿ ರೇಡಿಯೋ ಇದ್ದದ್ದು ಪಡಸಾಲೆಯಲ್ಲಿ, ಅವ್ವ ಇದ್ದದ್ದು ಅಡಿಗೆಮನೆಯಲ್ಲಿ. ನಡುವೆ ಒಂದು ಮಣ್ಣಿನ ಗೋಡೆ. ರೇಡಿಯೋದ ಕಿವಿ ತಿರುವುವ ಅಧಿಕಾರ ಅಜ್ಜನದು. ಧಾರವಾಡದ ದನಿ ಕೇಳಿದೊಡನೆ ಅವ್ವ ರೊಟ್ಟಿ ಬಡಿಯುವ ಸಪ್ಪಳವನ್ನು ಸಣ್ಣದು ಮಾಡುತ್ತಿದ್ದಳು. ರೇಡಿಯೋದ ಚರಿತ್ರೆಯನ್ನು ಮುಂದೆ ಪುಸ್ತಕಗಳಲ್ಲಿ ಓದಿದೆನಾದರೂ ಮೊದಲ ಪಾಠ ಆದದ್ದು ಆ ಗೋಡೆಯ ಬದಿಗೇ.

ಕನ್ನಡ ನಾಡಿನಲ್ಲಿ ಮೊದಲು ರೇಡಿಯೋ ನಡೆಸಿದವರು ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ, ತಮ್ಮ ಸ್ವಂತ ಮನೆಯಲ್ಲಿಯೇ! 'ಆಕಾಶವಾಣಿ' ಎಂಬ ಹೆಸರು ಮೊದಲು ಬಳಕೆಗೆ ಬಂದದ್ದು ಅಲ್ಲಿ. ನಮ್ಮ ಕಡೆಗೆ ಆ ಭಾಗ್ಯ ಬಂದದ್ದು 1950ರ ಜನವರಿ 8ರಂದು, ಧಾರವಾಡ ಕೇಂದ್ರ ಶುರುವಾದಾಗ.

ಆಗ ನಾವು ಮುಂಬೈಯವರು. ಮುಂಡರಗಿಯಿಂದ ಮೂಡಣಕ್ಕೆ ಹೋದರೆ ಕೊಪ್ಪಳ, ಅದು ಹೈದರಾಬಾದಿಗೆ ಸೇರಿದ್ದು. ತುಂಗಭದ್ರೆ ದಾಟಿದರೆ ಹಡಗಲಿ, ಅದು ಮದ್ರಾಸಿಗೆ. ಬೀಗತನ ಮಾಡಿದವರೂ ಬೇರೆ ಬೇರೆ ಸರಕಾರದವರಾಗಿದ್ದ ಕಾಲ. ಧಾರವಾಡದ ದನಿಗೆ ಮಾತ್ರ ಗಡಿ ಇರಲಿಲ್ಲ. ನಾಡು ಒಂದಾದದ್ದು 1956ರಲ್ಲಿ. ಕಿವಿಗಳು ಅದಕ್ಕೂ ಮೊದಲೇ ಒಂದಾಗಿದ್ದವು.

ಮುಂದೆ ಬೇಂದ್ರೆಯವರು, ಮಲ್ಲಿಕಾರ್ಜುನ ಮನ್ಸೂರರು ಆ ಕೇಂದ್ರಕ್ಕೆ ಸಲಹೆಗಾರರಾಗಿದ್ದರು. ಅಂಥ ದೊಡ್ಡವರ ಸಹವಾಸವಿದ್ದರೂ ರೇಡಿಯೋ ಎಂಬುದು ಎಲ್ಲರಿಗೂ ತೆರೆದ ಬಾಗಿಲಾಗಿರಲಿಲ್ಲ. 1940ರಲ್ಲಿಯೇ ದೇಶದ ರೇಡಿಯೋದಿಂದ ಹಾರ್ಮೋನಿಯಂ ಹೊರಬಿದ್ದಿತ್ತು. ಅದು ಪರದೇಶದ ವಾದ್ಯ, ಅದರ ಮನೆಗಳಲ್ಲಿ ನಮ್ಮ ಸ್ವರದ ಬಾಗುಬಳುಕು ಬರುವುದಿಲ್ಲ ಎಂಬುದು ಕಾರಣ. ಭಜನೆಗೂ ನಾಟಕಕ್ಕೂ ಹಾರ್ಮೋನಿಯಂ ಬೇಕೇ ಬೇಕೆನ್ನುವ, ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ಗದಗಿನ ಮಗ್ಗುಲಲ್ಲಿ ಕುಳಿತವರಿಗೆ ಇದು ಹೇಗೆ ಒಪ್ಪಿಗೆಯಾದೀತು? ಆ ನಿರ್ಬಂಧ ಸಡಿಲಾದದ್ದು 1971ರಲ್ಲಿ.

ಸಿನಿಮಾ ಹಾಡಿಗೂ ಇದೇ ಗತಿ ಬಂತು. 1952ರಲ್ಲಿ ಮಂತ್ರಿಯಾಗಿದ್ದ ಬಿ. ವಿ. ಕೇಸ್ಕರರು ಅದನ್ನು ಆಕಾಶವಾಣಿಯಿಂದ ದೂರವಿಟ್ಟರು. ಹುಡುಗರು ಕೇಳುವುದನ್ನು ಬಿಟ್ಟರೇ? ಸಿಲೋನ್ ಹಚ್ಚಿದರು! ಕೊನೆಗೆ 1957ರಲ್ಲಿ ಸರಕಾರವೇ ವಿವಿಧ ಭಾರತಿಯನ್ನು ತೆರೆಯಬೇಕಾಯಿತು.

ದಿಲ್ಲಿಯಲ್ಲಿ ಒಬ್ಬ ಕೇಸ್ಕರರಿದ್ದರೆ ಮನೆಮನೆಯಲ್ಲೂ ಒಬ್ಬೊಬ್ಬರು ಇರುತ್ತಿದ್ದರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅವ್ವನ ತವರು ಬೆಟಗೇರಿ. ಅಣ್ಣ ಹಾರ್ಮೋನಿಯಂ ನುಡಿಸಿದರೆ ಅವಳು ಹಾಡುತ್ತಿದ್ದಳಂತೆ. ಲಗ್ನವಾಗಿ ಬಂದ ಮೊದಲ ಶ್ರಾವಣದಲ್ಲಿ ದೇವರ ಮುಂದೆ ಬಾಯಿ ತೆರೆದದ್ದಷ್ಟೇ, ಅಜ್ಜ ಪಡಸಾಲೆಯಿಂದಲೇ ಅಂದನಂತೆ: "ಗಂಡುದನಿ ಮಾಡಿ ಹಾಡಬ್ಯಾಡವಾ, ಓಣ್ಯಾಗಿನ ಮಂದಿ ಏನಂದಾರು?" ಅವ್ವನ ದನಿ ಹುಟ್ಟಿನಿಂದಲೇ ದಪ್ಪ. ಅವತ್ತಿನಿಂದ ಹಾಡು ನಿಂತಿತು.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಒಂದು ರಾತ್ರಿ ರೇಡಿಯೋದಲ್ಲಿ ಗಂಗೂಬಾಯಿ ಹಾನಗಲ್ಲರ ಗಾಯನ ಬಂತು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಗಂಡಸರ ದನಿಯಂತಾಗಿತ್ತು. ಆ ದನಿಯಲ್ಲಿಯೇ ಅವರು ದೇಶವನ್ನೆಲ್ಲ ಗೆದ್ದಿದ್ದರು. ಅಜ್ಜ ಕಣ್ಣು ಮುಚ್ಚಿ ತಲೆದೂಗಿದ. "ಏನು ದನಿ! ಏನು ಗತ್ತು! ಹಾಡಿದರ ಹಿಂಗ ಹಾಡಬೇಕು ನೋಡು," ಅಂದ.

ಗೋಡೆಯಾಚೆ ರೊಟ್ಟಿಯ ಸಪ್ಪಳ ನಿಂತಿತು. ನಾನು ಒಳಗೆ ಹೋಗಿ ನೋಡಿದೆ. ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಕುಳಿತು ಸಣ್ಣಗೆ ಸ್ವರ ಹಿಡಿದಿದ್ದಳು. ಆ ಸ್ವರ ಏರುತ್ತ ಏರುತ್ತ ಗೋಡೆ ದಾಟಿತು. ಈಗ ಅಜ್ಜ ಬಯ್ಯುತ್ತಾನೆಂದು ನಾನು ಹೆದರಿ ಬಾಗಿಲಿಗೆ ಬಂದೆ. ಅಜ್ಜ ಅಡಿಗೆಮನೆಯ ಕಡೆ ನೋಡಿದ. ಏನೂ ಅನ್ನಲಿಲ್ಲ. ಕೈಚಾಚಿ ರೇಡಿಯೋದ ಸಪ್ಪಳವನ್ನು ತುಸು ಕಡಿಮೆ ಮಾಡಿದ.

ಈಗ ಅಜ್ಜನೂ ಇಲ್ಲ, ಅವ್ವನೂ ಇಲ್ಲ. ಪೋಸ್ಟಿಗೆ ಹೋಗಿ ರೇಡಿಯೋ ಲೈಸೆನ್ಸಿಗೆ ದುಡ್ಡು ಕಟ್ಟುವ ಪದ್ಧತಿಯೂ ಎಂದೋ ಹೋಯಿತು. ನನ್ನ ಶಾಲೆಯ ಹುಡುಗಿಯರು ಬೇಕಾದ ಹಾಡನ್ನು ಬೇಕಾದಾಗ ಫೋನಿನಲ್ಲಿ ಕೇಳುತ್ತಾರೆ, ಯಾರ ಅಪ್ಪಣೆಯೂ ಬೇಡ. ಆದರೂ ಪ್ರಾರ್ಥನೆಯ ಹೊತ್ತಿಗೆ ದಪ್ಪ ದನಿಯ ಹುಡುಗಿಯೊಬ್ಬಳು ಹಿಂದಿನ ಸಾಲಿಗೆ ಸರಿದರೆ, ನಾನು ಅವಳನ್ನು ಕೈಹಿಡಿದು ಮುಂದೆ ತಂದು ನಿಲ್ಲಿಸುತ್ತೇನೆ.