ಫಿನಾಯಿಲ್ ಜೊತೆ ಒಂದೇ ಚೀಲದಲ್ಲಿ ಬಂದ ಹಿಟ್ಟು ವಿಷವಾಗುತ್ತದೆಯೇ?

"ಫಿನಾಯಿಲ್, ಟಾಯ್ಲೆಟ್ ಕ್ಲೀನರ್ ಜೊತೆ ಒಂದೇ ಚೀಲದಲ್ಲಿ ತಂದ ಗೋಧಿ ಹಿಟ್ಟು ವಿಷವಾಗುತ್ತದೆ. ಕೂಡಲೇ ಎಸೆಯಿರಿ, ಹತ್ತು ಜನರಿಗೆ ತಿಳಿಸಿ" ಎನ್ನುವಂಥ ಸಂದೇಶ ನಿಮ್ಮ ಮನೆಯ ಗ್ರೂಪಿಗೂ ಬಂದಿರಬಹುದು. ಅದರ ಕೆಳಗೆ ಯಾರೋ ಒಬ್ಬರು "ಪ್ಯಾಕೆಟ್ ಸೀಲ್ ಆಗಿರುತ್ತೆ, ಏನೂ ಆಗಲ್ಲ ಬಿಡ್ರಿ" ಎಂದು ಬರೆದಿರುತ್ತಾರೆ. ಎರಡೂ ಪೂರ್ತಿ ನಿಜವಲ್ಲ. ಸೂಪರ್ ಮಾರ್ಕೆಟ್‌ನ ಬಿಲ್ಲಿಂಗ್ ಕೌಂಟರಿನಲ್ಲಿ ಸಿಬ್ಬಂದಿ ಅವಸರದಲ್ಲಿ ಚೀಲ ತುಂಬುವಾಗ ಆಗುವ ತಪ್ಪುಗಳಲ್ಲಿ ಯಾವುದು ನಿಜಕ್ಕೂ ಅಪಾಯ, ಯಾವುದು ಬರೀ ಕಿರಿಕಿರಿ ಎಂದು ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

ಪಕ್ಕದಲ್ಲಿ ಇಟ್ಟ ಮಾತ್ರಕ್ಕೆ ಆಹಾರ ವಿಷವಾಗುವುದಿಲ್ಲ. ಬಾಟಲಿ ಸೋರಿದರೆ, ಪ್ಯಾಕೆಟ್ ಹರಿದರೆ ಆಗಬಹುದು. ಹೀಗೆ ಆಹಾರಕ್ಕೆ ಸೇರಿದ ರಾಸಾಯನಿಕವನ್ನು ಕುದಿಸಿ ಕಳೆಯಬಹುದು ಎಂದು ನಂಬಿಕೊಳ್ಳುವಂತಿಲ್ಲ. ಚೆನ್ನಾಗಿ ಬೇಯಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಫಿನಾಯಿಲ್, ಕೀಟನಾಶಕಗಳ ವಿಷಯದಲ್ಲಿ ಆ ಭರವಸೆ ಇಲ್ಲ. ಈ ಒಂದು ವ್ಯತ್ಯಾಸ ನೆನಪಿದ್ದರೆ ಉಳಿದದ್ದು ಸುಲಭ.

1958ರಲ್ಲಿ ಕೇರಳ ಕಲಿತ ಪಾಠ

ಆಹಾರ ಮತ್ತು ವಿಷವನ್ನು ಒಟ್ಟಿಗೆ ಸಾಗಿಸಬಾರದು ಎಂಬುದು ಯಾರೋ ಗ್ರೂಪಿನಲ್ಲಿ ಹುಟ್ಟಿಸಿದ ಮಾತಲ್ಲ. 1958ರಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿನ ತಿನಿಸು ತಿಂದವರು ಇದ್ದಕ್ಕಿದ್ದಂತೆ ಅಸ್ವಸ್ಥರಾದರು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಹಿಟ್ಟಿಗೆ ಸೇರಿದ್ದು ಪ್ಯಾರಾಥಿಯಾನ್ ಎಂಬ ಕೀಟನಾಶಕ. ಆಹಾರದ ಮೂಟೆಗಳು ಮತ್ತು ಕೀಟನಾಶಕ ಒಂದೇ ಹಡಗಿನಲ್ಲಿ ಬಂದಿದ್ದವು. ದಾರಿಯಲ್ಲಿ ವಿಷ ಸೋರಿ ಮೂಟೆಗೆ ಇಳಿದಿತ್ತು.

ಈ ದುರಂತದ ವಿಚಾರಣೆಯ ಬಳಿಕ ನಡೆದ ಚರ್ಚೆಯ ಫಲವಾಗಿ 1968ರಲ್ಲಿ ಕೀಟನಾಶಕ ಕಾಯ್ದೆ, 1971ರಲ್ಲಿ ಅದರ ನಿಯಮಗಳು ಬಂದವು. ಆಹಾರ ಪದಾರ್ಥಕ್ಕೆ ಅಥವಾ ಪಶು ಆಹಾರಕ್ಕೆ ತಾಗುವಂತೆ ಕೀಟನಾಶಕವನ್ನು ಸಾಗಿಸಬಾರದು, ಸಂಗ್ರಹಿಸಬಾರದು ಎಂದು ಆ ನಿಯಮಗಳು ಹೇಳುತ್ತವೆ.

ಫಿನಾಯಿಲ್ ಪ್ಯಾರಾಥಿಯಾನ್‌ನಷ್ಟು ಘೋರ ವಿಷವಲ್ಲ, ಹೆದರಬೇಡಿ. ಆದರೆ ತಪ್ಪು ನಡೆಯುವ ದಾರಿ ಅದೇ. ಹಡಗಿನಲ್ಲಿ ಆದದ್ದು ಸಣ್ಣ ಪ್ರಮಾಣದಲ್ಲಿ ನಮ್ಮ ಕೈಚೀಲದಲ್ಲೂ ಆಗಬಹುದು. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧ ಬಂದ ಮೇಲೆ ನಮ್ಮಲ್ಲಿ ಅನೇಕರು ಮನೆಯಿಂದ ಒಂದು ದೊಡ್ಡ ಚೀಲ ಒಯ್ಯುತ್ತೇವೆ. ಪರಿಸರಕ್ಕೆ ಒಳ್ಳೆಯದೇ. ಆದರೆ ಒಂದೇ ಚೀಲ ಕೊಟ್ಟರೆ ಸಿಬ್ಬಂದಿ ಎಲ್ಲವನ್ನೂ ಅದಕ್ಕೇ ತುಂಬುತ್ತಾರೆ.

ಸೀಲ್ ಆದ ಪ್ಯಾಕೆಟ್ ಒಳಗೆ ಏನಾದರೂ ಹೋಗುತ್ತದೆಯೇ?

ಎಲ್ಲ ಪ್ಯಾಕೆಟ್ ಒಂದೇ ಅಲ್ಲ. ಬಿಸ್ಕತ್ತು, ಕಾಫಿಪುಡಿಯ ಹಲವು ಪ್ಯಾಕೆಟ್‌ಗಳ ಒಳಪದರ ಬೆಳ್ಳಗೆ ಹೊಳೆಯುತ್ತದೆ. ಆ ಲೋಹದ ಲೇಪ ವಾಸನೆಯನ್ನೂ ಚೆನ್ನಾಗಿ ತಡೆಯುತ್ತದೆ. ಬಿಡಿ ರವೆ, ಬೇಳೆ ಕಟ್ಟಿಕೊಡುವ ತೆಳು ಪ್ಲಾಸ್ಟಿಕ್ ನೀರನ್ನು ತಡೆದರೂ ವಾಸನೆಯನ್ನು ಪೂರ್ತಿ ತಡೆಯುವುದಿಲ್ಲ. ನುಸಿಗುಳಿಗೆ, ಅಗರಬತ್ತಿ, ಘಮಘಮಿಸುವ ಸೋಪಿನ ಪುಡಿಯ ವಾಸನೆಯ ಕಣಗಳು ನಿಧಾನವಾಗಿ ಅದರ ಮೂಲಕ ನುಸುಳುತ್ತವೆ. ಹಿಟ್ಟು, ಟೀ ಪುಡಿ, ಬೆಣ್ಣೆ ಇವುಗಳಿಗೆ ವಾಸನೆ ಬೇಗ ಹಿಡಿಯುತ್ತದೆ.

ಅಂಗಡಿಯಿಂದ ಮನೆಗೆ ಬರುವ ಅರ್ಧ ಗಂಟೆಯಲ್ಲಿ ಇದರಿಂದ ಅಪಾಯವೇನೂ ಆಗದು. ಮನೆಗೆ ಬಂದ ಮೇಲೂ ಅದೇ ಚೀಲವನ್ನು ಮೂಲೆಯಲ್ಲಿ ವಾರಗಟ್ಟಲೆ ಬಿಟ್ಟರೆ ಮಾತ್ರ ವಾಸನೆ ಅಂಟಿಕೊಳ್ಳುತ್ತದೆ. ನುಸಿಗುಳಿಗೆಯ ವಾಸನೆ ಹಿಡಿದ ಆಹಾರವನ್ನು, ಮುಖ್ಯವಾಗಿ ಮಕ್ಕಳದ್ದನ್ನು, ಬಳಸಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಇನ್ನು 5 ಕೆಜಿ, 10 ಕೆಜಿ ಅಕ್ಕಿ ಚೀಲದ ವಿಷಯ. ಇವುಗಳಲ್ಲಿ ಹಲವು ಹೆಣೆದ ಚೀಲಗಳು, ಬಾಯಿಗೆ ಹೊಲಿಗೆ ಹಾಕಿರುತ್ತಾರೆ. ಹೊಲಿಗೆಯ ತೂತಿನಿಂದ ದ್ರವ ಸಲೀಸಾಗಿ ಒಳಗಿಳಿಯುತ್ತದೆ. ಫಿನಾಯಿಲ್ ಬಾಟಲಿಯನ್ನು ಅದರ ಮೇಲೆ ಅಡ್ಡ ಮಲಗಿಸುವುದು ನಿಜವಾದ ತಪ್ಪು.

ಮತ್ತೊಂದು ಎಚ್ಚರಿಕೆ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಬಟ್ಟೆ ಬೆಳ್ಳಗಾಗಿಸುವ ಬ್ಲೀಚ್ ದ್ರವದಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಇರುತ್ತದೆ. ಎರಡೂ ಸೋರಿ ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಕಾರಿನಲ್ಲಿ ಇದು ಕಣ್ಣು, ಉಸಿರಾಟಕ್ಕೆ ತೊಂದರೆ ಕೊಡಬಲ್ಲದು. ಆದ್ದರಿಂದ ಕ್ಲೀನರ್‌ಗಳ ಚೀಲದಲ್ಲೂ ಬಾಟಲಿಗಳು ನೆಟ್ಟಗೆ ನಿಂತಿರಬೇಕು.

ಕೋಳಿ ಮಾಂಸದ ಕೆಳಗೆ ಕೊತ್ತಂಬರಿ ಸೊಪ್ಪು

ರಾಸಾಯನಿಕದ ಬಗ್ಗೆ ಬೇಕಾದಷ್ಟು ಸಂದೇಶ ಓಡಾಡುತ್ತವೆ. ಆದರೆ ದಿನನಿತ್ಯದ ಅಪಾಯ ಹೆಚ್ಚಿರುವುದು ಇಲ್ಲಿ. ಹಸಿ ಕೋಳಿ ಮಾಂಸದಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳು ಇರಬಹುದು. ವಾಂತಿ, ಭೇದಿ, ಜ್ವರ ತರುವಂಥವು ಇವು. ಮಾಂಸವನ್ನು ನೀವು ಚೆನ್ನಾಗಿ ಬೇಯಿಸುತ್ತೀರಿ, ಅಲ್ಲಿಗೆ ಅವು ಸಾಯುತ್ತವೆ. ಆದರೆ ಗಂಟು ಹಾಕಿದ ಕವರಿನಿಂದ ಜಿನುಗಿದ ನೀರು ಸೌತೆಕಾಯಿಗೆ, ಕೊತ್ತಂಬರಿಗೆ, ದ್ರಾಕ್ಷಿಗೆ ತಾಗಿದರೆ? ಅವನ್ನು ನಾವು ಹಸಿಯಾಗೇ ತಿನ್ನುತ್ತೇವೆ.

ಆಹಾರ ಸುರಕ್ಷತೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಸೂತ್ರಗಳಲ್ಲಿ ಹಸಿ ಮಾಂಸವನ್ನು ಬೇರೆ ಆಹಾರದಿಂದ ದೂರ ಇಡುವುದೂ ಒಂದು. ಚೆನ್ನಾಗಿ ಬೇಯಿಸುವುದು ಎಂದರೆ ಒಳಭಾಗ 70 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು ಎಂದೂ ಅದು ಹೇಳುತ್ತದೆ. ಮೊಟ್ಟೆಯ ಚಿಪ್ಪಿನ ಮೇಲೂ ಸಾಲ್ಮೊನೆಲ್ಲಾ ಇರಬಹುದು. ಎಣ್ಣೆ ಡಬ್ಬದ ಭಾರಕ್ಕೆ ಒಡೆದ ಮೊಟ್ಟೆ ಬರೀ ಹಣದ ನಷ್ಟವಲ್ಲ, ಅದರ ರಸ ತಾಗಿದ ತರಕಾರಿಯನ್ನೂ ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಬೇಕು.

"ಬಟ್ಟೆ ಚೀಲಕ್ಕಿಂತ ಪ್ಲಾಸ್ಟಿಕ್ಕೇ ಶುದ್ಧ": ಅರ್ಧ ನಿಜ

ಈ ಮಾತಿಗೆ ಆಧಾರವಾಗಿ ತೋರಿಸುವುದು ಅಮೆರಿಕದ ಒಂದು ಅಧ್ಯಯನವನ್ನು. ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾದ ಗ್ರಾಹಕರಿಂದ 84 ಚೀಲ ಪಡೆದು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಬಹುತೇಕ ಎಲ್ಲ ಚೀಲಗಳಲ್ಲೂ ಬ್ಯಾಕ್ಟೀರಿಯಾ, ಶೇ 8ರಷ್ಟರಲ್ಲಿ ಇ. ಕೊಲೈ ಸಿಕ್ಕವು. ಮಾಂಸದ ರಸ ಹಾಕಿದ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ಎರಡು ಗಂಟೆ ಇಟ್ಟಾಗ ಬ್ಯಾಕ್ಟೀರಿಯಾ ಹತ್ತು ಪಟ್ಟಾದವು.

ಸಂದೇಶಗಳು ಹೇಳದೆ ಬಿಡುವ ಸಂಗತಿಗಳು ಎರಡಿವೆ. ಒಂದು, ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ಪ್ಲಾಸ್ಟಿಕ್ ತಯಾರಕರೂ ಇರುವ ರಾಸಾಯನಿಕ ಉದ್ಯಮದ ಸಂಘ. ಎರಡು, ಚೀಲವನ್ನು ಒಗೆದಾಗ ಶೇ 99.9ಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಹೋದವು ಎಂದು ಅದೇ ಅಧ್ಯಯನ ಹೇಳುತ್ತದೆ. ಹಾಗಾದರೆ ದೋಷ ಬಟ್ಟೆಯದ್ದಲ್ಲ, ಒಗೆಯದ್ದು.

"ಬಾಳೆಹಣ್ಣಿನ ಜೊತೆ ಇಟ್ಟರೆ ತರಕಾರಿ ಕೆಡುತ್ತದೆ": ಚೀಲದ ಮಟ್ಟಿಗೆ ಸುಳ್ಳು

ಮಾಗಿದ ಬಾಳೆಹಣ್ಣು ಎಥಿಲೀನ್ ಅನಿಲ ಬಿಡುತ್ತದೆ, ಅದು ಪಕ್ಕದ ಕಾಯಿಗಳನ್ನೂ ಮಾಗಿಸುತ್ತದೆ, ನಿಜ. ಆದರೆ ಇದಕ್ಕೆ ದಿನಗಳು ಬೇಕು. ಚೀಲದಲ್ಲಿ ಕಳೆಯುವ ಅರ್ಧ ಗಂಟೆಯಲ್ಲಿ ಬಾಳೆಹಣ್ಣಿಗೆ ಇರುವ ಶತ್ರು ಅದರ ಮೇಲಿಟ್ಟ ಕುಂಬಳಕಾಯಿ ಮಾತ್ರ.

ಹಾಲು, ಮೊಸರು, ಐಸ್‌ಕ್ರೀಂ

5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ತಣ್ಣಗಿರಬೇಕಾದ ಪದಾರ್ಥ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು, ಬಿಸಿಲು 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಎಂಬುದು ಅಮೆರಿಕದ ಆಹಾರ ಸುರಕ್ಷತಾ ಸಂಸ್ಥೆಗಳ ಸಲಹೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಒಂದು ಗಂಟೆಯ ಲೆಕ್ಕವೇ ಸರಿ. ಹಾಲಿನ ಪ್ಯಾಕೆಟ್, ಪನೀರ್, ಐಸ್‌ಕ್ರೀಂಗಳನ್ನು ಒಟ್ಟಿಗೆ ಒತ್ತಾಗಿ ಇಟ್ಟರೆ ಒಂದರ ತಂಪು ಇನ್ನೊಂದನ್ನು ಕಾಯುತ್ತದೆ. ಬಿಸಿ ಸಮೋಸದ ಪಕ್ಕ ಮೊಸರು ಇಡಿಸಬೇಡಿ.

ತಪ್ಪು ಯಾರದು?

ಸಿಬ್ಬಂದಿಯನ್ನು ಬೈಯುವ ಮೊದಲು ಕೌಂಟರಿನ ಆಚೆ ಬದಿಯನ್ನೂ ನೋಡಿ. ಅನೇಕ ಕಡೆ ಸ್ಕ್ಯಾನ್ ಮಾಡುವವರೇ ಚೀಲವನ್ನೂ ತುಂಬುತ್ತಾರೆ. ಹಿಂದೆ ಎಂಟು ಜನ ಕಾಯುತ್ತಿರುತ್ತಾರೆ. ಸಾಮಾನು ಯಾವ ಕ್ರಮದಲ್ಲಿ ಬರುತ್ತದೋ ಅದೇ ಕ್ರಮದಲ್ಲಿ ಚೀಲಕ್ಕೆ ಬೀಳುತ್ತದೆ. ಟೊಮೆಟೊ ಮೊದಲು ಇಟ್ಟವರಿಗೆ ಟೊಮೆಟೊ ತಳ ಸೇರುತ್ತದೆ. ಯಾವುದನ್ನು ಯಾವುದರ ಜೊತೆ ಹಾಕಬಾರದು ಎಂದು ಹೇಳಿಕೊಡುವ ಹೊಣೆ ಅಂಗಡಿಯ ಮಾಲೀಕರದ್ದು. ಹೇಳಿಕೊಡದೆ ವೇಗವನ್ನಷ್ಟೇ ಕೇಳಿದರೆ ತಪ್ಪು ಆಗಿಯೇ ಆಗುತ್ತದೆ.

ನಿಮ್ಮ ಕೈಯಲ್ಲಿರುವ ಉಪಾಯ

- ಮನೆಯಿಂದ ಮೂರು ಚೀಲ ಒಯ್ಯಿರಿ: ಆಹಾರಕ್ಕೆ ಒಂದು, ಹಸಿ ಮಾಂಸ ಮೊಟ್ಟೆಗೆ ಒಂದು, ಸೋಪು ಕ್ಲೀನರ್‌ಗೆ ಒಂದು. ಯಾವುದು ಯಾವುದಕ್ಕೆ ಎಂದು ಬಣ್ಣದಿಂದ ಗುರುತಿಟ್ಟುಕೊಳ್ಳಿ.
- ಕೌಂಟರಿನ ಮೇಲೆ ಮೊದಲು ಅಕ್ಕಿ, ಬೇಳೆ, ಎಣ್ಣೆಯಂಥ ಭಾರದವು, ಆಮೇಲೆ ಗಟ್ಟಿ ತರಕಾರಿ, ಕೊನೆಗೆ ಸೊಪ್ಪು, ಹಣ್ಣು, ಬ್ರೆಡ್ ಇಡಿ. ಕ್ಲೀನರ್‌ಗಳನ್ನು ನಡುವೆ ಜಾಗ ಬಿಟ್ಟು ಬೇರೆಯಾಗಿಡಿ.
- "ಅಣ್ಣ, ಇದನ್ನ ಬೇರೆ ಚೀಲಕ್ಕೆ ಹಾಕಿ" ಎಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.
- ಇಲಿ ಪಾಷಾಣ ಕೊಂಡಿದ್ದರೆ ಅದನ್ನು ಯಾವ ಚೀಲಕ್ಕೂ ಹಾಕಿಸದೆ ಪ್ರತ್ಯೇಕವಾಗಿ ತನ್ನಿ.
- ಮಾಂಸದ ಚೀಲವನ್ನು ಪ್ರತಿಸಲ ಸೋಪು ಹಾಕಿ ಒಗೆದು ಬಿಸಿಲಿಗೆ ಒಣಗಿಸಿ.

ಸೋರಿದ್ದರೆ ಏನು ಮಾಡಬೇಕು?

ಅಕ್ಕಿ, ಹಿಟ್ಟು, ಬೇಳೆಗೆ ಕ್ಲೀನರ್ ಅಥವಾ ಫಿನಾಯಿಲ್ ತಾಗಿದ್ದರೆ ತೊಳೆದು ಬಳಸಬೇಡಿ, ಅದು ಕಾಳಿನೊಳಗೆ ಹೀರಿಕೊಂಡಿರುತ್ತದೆ. ನಾಯಿಗೆ, ಹಸುವಿಗೆ ಹಾಕಬೇಡಿ. ಮುಚ್ಚಳ ಗಟ್ಟಿಯಿರುವ ಬಾಟಲಿ, ಡಬ್ಬಿಗಳ ಹೊರಭಾಗಕ್ಕೆ ಮಾತ್ರ ತಾಗಿದ್ದರೆ ತೊಳೆದು ಒರೆಸಿ ಬಳಸಬಹುದು.

ಯಾರಾದರೂ ತಿಂದುಬಿಟ್ಟಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಆಮ್ಲದಂಥ ವಸ್ತು ಮೇಲೆ ಬರುವಾಗ ಅನ್ನನಾಳವನ್ನು ಮತ್ತೊಮ್ಮೆ ಸುಡುತ್ತದೆ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೆ ಆಸ್ಪತ್ರೆಗೆ ಒಯ್ಯಿರಿ. ವೈದ್ಯರಿಗೆ ಅದರ ಲೇಬಲ್ ಬೇಕಾಗುತ್ತದೆ.

ನಷ್ಟವಾಗಿದ್ದರೆ ಬಿಲ್ಲಿನೊಂದಿಗೆ ಫೋಟೊ ತೆಗೆದು ಅಂಗಡಿಗೆ ತೋರಿಸಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರಿಗೆ ನಷ್ಟ ತರುವ ನಿರ್ಲಕ್ಷ್ಯವೂ ಸೇವಾ ಲೋಪವೇ. ಅಂಗಡಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಮುಂದಕ್ಕೆ ಕಳುಹಿಸುವುದಾದರೆ ಇಷ್ಟು ಕಳುಹಿಸಿ

ಒಂದೇ ಚೀಲದಲ್ಲಿ ಬಂದದ್ದಕ್ಕೆ ಆಹಾರ ವಿಷವಾಗುವುದಿಲ್ಲ, ಸೋರಿದರೆ ಆಗಬಹುದು. ಕ್ಲೀನರ್ ತಾಗಿದ ಹಿಟ್ಟನ್ನು ಬೇಯಿಸಿದರೂ ಬಳಸುವಂತಿಲ್ಲ. ಹಸಿ ಮಾಂಸಕ್ಕೆ ಬೇರೆ ಚೀಲ ಇರಲಿ. ಬಟ್ಟೆ ಚೀಲ ಒಗೆಯಿರಿ. ಮನೆಗೆ ಬಂದ ಕೂಡಲೇ ಚೀಲ ಖಾಲಿ ಮಾಡಿ.