ನಿಡಘಟ್ಟವೆಂಬ ಹೆಸರೂ ಗಣಕದ ಅಂಚೆಯೂ

ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿರುವ ಮದ್ದೂರು ತಾಲ್ಲೂಕಿನ ನಿಡಘಟ್ಟದ ಹೆಸರಿನಲ್ಲಿ ಅಕ್ಷರಗಳು 4. ಯೂನಿಕೋಡಿನ ಎಣಿಕೆಯಲ್ಲಿ ಸಂಕೇತಗಳು 7. ಯುಟಿಎಫ್-8 ಕ್ರಮದಲ್ಲಿ ಬೈಟುಗಳು 21. ಈ ಹೆಸರು ಗಣಕದ ಅಂಚೆಯಲ್ಲಿ ಕೆಲವೊಮ್ಮೆ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುವುದೇಕೆಂಬುದನ್ನು ನಾವಿಲ್ಲಿ ಪರಿಶೀಲಿಸುವೆವು.

1982ರ ಅಂಚೆ ನಿಯಮವು 7 ಬಿಟ್‌ಗಳ ಆಸ್ಕಿ ಸಂಕೇತವನ್ನಷ್ಟೇ ಬಲ್ಲದಾಗಿತ್ತು. ಕನ್ನಡಕ್ಕೆ 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ದೊರೆಯಿತು. ಮರುವರ್ಷ ಬಂದ ಮೈಮ್ ಪದ್ಧತಿಯಿಂದ ಅನ್ಯಲಿಪಿಗಳಿಗೂ ದಾರಿಯಾಯಿತು. ಮೇಲಿನ 21 ಬೈಟುಗಳು ಬೇಸ್-64 ರೂಪದಲ್ಲಿ 28 ಆಸ್ಕಿ ಚಿಹ್ನೆಗಳ ವೇಷ ತೊಟ್ಟು ಸಾಗಬಲ್ಲವು.

ಆದರೂ ತೊಡಕು ಉಳಿಯಿತು. ಆಜ್ಞೆಯನ್ನು ಸಾಲಾಗಿ ಬರೆದು ನಡೆಸುವ ಮೇಲ್‌ಎಕ್ಸ್‌ನಂತಹ ತಂತ್ರಾಂಶವು ಲಿಪಿಯ ವಿಷಯದಲ್ಲಿ ಎಲ್‌ಸಿ_ಆಲ್, ಎಲ್‌ಸಿ_ಸಿಟೈಪ್, ಲ್ಯಾಂಗ್ ಎಂಬ ಪರಿಸರ ನಿರ್ದೇಶಗಳನ್ನು ಅನುಕ್ರಮವಾಗಿ ನೋಡುತ್ತದೆ. ಅಲ್ಲಿ ‘ಕೆಎನ್_ಐಎನ್.ಯುಟಿಎಫ್-8’ ಎಂದಿದ್ದರೆ ಕನ್ನಡಕ್ಕೆ ಅಡ್ಡಿಯಿಲ್ಲ. ಬರಿಯ ‘ಸಿ’ ಎಂದಿದ್ದರೆ ಮತ್ತೆ 1982ರ ಪ್ರಪಂಚವೇ. ಹಗಲು ನಾವು ಕುಳಿತು ನಡೆಸಿದಾಗ ನೆಟ್ಟಗಿದ್ದ ಆಜ್ಞೆ, ರಾತ್ರಿ ಕ್ರಾನ್ ತಾನಾಗಿ ನಡೆಸಿದಾಗ ಕೆಡುವುದಕ್ಕೂ ಪ್ರಾಯಶಃ ಇದೇ ಕಾರಣ: ನಮ್ಮ ಪರಿಸರ ಕ್ರಾನ್‌ಗೆ ಸಾಮಾನ್ಯವಾಗಿ ದೊರೆಯದು.

ಶಾಸನಪಾಠಗಳನ್ನು ಅಂಚೆಯಲ್ಲಿ ಕಳುಹುವವರು ಒಂದು ಭೇದವನ್ನು ಗಮನಿಸತಕ್ಕದ್ದು. ತೋರಿಸುವಾಗ ಮಾತ್ರ ಕೆಟ್ಟ ಪಾಠದ ಮೂಲವು ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಕಳುಹುವಾಗಲೇ ಪ್ರಶ್ನಾರ್ಥಕಗಳಾಗಿ ಮಾರ್ಪಟ್ಟ ಹೆಸರು ಯಾವ ಊರಿನದೆಂದು ಆ ಪತ್ರದಿಂದ ಯಾರೂ ಹೇಳಲಾರರು.